ಕೋಲಾರದ ಗಣಿಯಲ್ಲಿ ಸಿಕ್ಕ ನ್ಯೂಟ್ರಿನೋ

ಕೇಳುಗರಿಗೆಲ್ಲ ನಮಸ್ಕಾರ.

ಸೂರ್ಯ ಯಾಕೆ ಉರಿಯುತ್ತಾನೆ? ನಕ್ಷತ್ರ ಹೇಗೆ ಸಾಯುತ್ತದೆ? ಇಷ್ಟು ದೊಡ್ಡ ವಿಶ್ವದಲ್ಲಿ ಏನೂ ಇಲ್ಲದೆ ಇರುವ ಬದಲು ಇಷ್ಟೆಲ್ಲ ಯಾಕಿದೆ? ಇಂಥ ಪ್ರಶ್ನೆ ಬಂದ ಕೂಡಲೇ ಎಲ್ಲರಿಗೂ ದೂರದರ್ಶಕ ನೆನಪಾಗುತ್ತದೆ. ದೂರದರ್ಶಕ ಬೇಕೇ ಬೇಕು. ಆದರೆ ಇವತ್ತು ನಾನು ಹೇಳಲು ಬಂದಿರುವುದು ಒಂದೇ ಮಾತು. ಆಕಾಶವನ್ನು ತಿಳಿಯಲು ಬೆಳಕೊಂದೇ ಸಾಲದು.

ಸೂರ್ಯನನ್ನೇ ನೋಡಿ. ನಮಗೆ ಕಾಣುವುದು ಅವನ ಮೇಲ್ಮೈ ಮಾತ್ರ. ಕೆಲಸ ನಡೆಯುವುದು ನಡುಭಾಗದಲ್ಲಿ. ಅಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ ಆಗುತ್ತದೆ. ಆಗ ಹುಟ್ಟಿದ ಬೆಳಕು ದಾರಿಯುದ್ದಕ್ಕೂ ಡಿಕ್ಕಿ ಹೊಡೆಯುತ್ತಾ ಹೊರಗೆ ಬರಲು ಸಾವಿರಾರು ವರ್ಷ ಬೇಕು. ಅದೇ ಜಾಗದಲ್ಲಿ ನ್ಯೂಟ್ರಿನೋ ಎಂಬ ಕಣವೂ ಹುಟ್ಟುತ್ತದೆ. ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಎರಡು ಚಿಲ್ಲರೆ ಸೆಕೆಂಡಿನಲ್ಲಿ ಸೂರ್ಯನಿಂದ ಹೊರಗೆ, ಎಂಟೂಕಾಲು ನಿಮಿಷದಲ್ಲಿ ನಮ್ಮ ಹತ್ತಿರ. ನಿಮ್ಮ ಹೆಬ್ಬೆರಳಿನ ಉಗುರಿನ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೋ ಹಾದುಹೋಗುತ್ತವೆ. ರಾತ್ರಿಯೂ ಅಷ್ಟೇ, ಭೂಮಿಯನ್ನೇ ತೂರಿಕೊಂಡು ಬರುತ್ತವೆ. ಅದರಿಂದ ಏನೂ ಅಪಾಯವಿಲ್ಲ. ಪ್ರತಿ ಸಲವೂ ಯಾರಾದರೂ ಇದನ್ನು ಕೇಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಸರಿ, ಯಾವುದಕ್ಕೂ ತಾಗದೆ ಹೋಗುವುದನ್ನು ಹಿಡಿಯುವುದು ಹೇಗೆ? ಇಲ್ಲೇ ನಮ್ಮ ಕೋಲಾರದ ಚಿನ್ನದ ಗಣಿ ಬರುತ್ತದೆ. ಈ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಮ್ಯೂಯಾನ್ ಎಂಬ ಕಣಗಳೂ ಹುಟ್ಟುತ್ತವೆ, ನ್ಯೂಟ್ರಿನೋಗಳೂ ಹುಟ್ಟುತ್ತವೆ. ನೆಲದ ಮೇಲೆ ಮ್ಯೂಯಾನ್‌ಗಳದ್ದೇ ಗದ್ದಲ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಪಕ್ಕದವರ ಪಿಸುಮಾತು ಕೇಳಿಸುತ್ತದೆಯೇ? ಹಾಗೆ. ಮ್ಯೂಯಾನ್‌ಗಳನ್ನು ತಡೆಯಲು ದಪ್ಪನೆಯ ಬಂಡೆ ಬೇಕು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಆಗ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು.

1951ರಲ್ಲಿ ಹೋಮಿ ಭಾಭಾ ಅವರ ಶಿಷ್ಯ ಬಿ. ವಿ. ಶ್ರೀಕಂಠನ್ ಉಪಕರಣ ಹೊತ್ತು ಆ ಗಣಿಗೆ ಇಳಿದರು. ಅವರು ನಂಜನಗೂಡು ಕಡೆಯವರು. ಆಳಕ್ಕೆ ಹೋದಂತೆ ಮ್ಯೂಯಾನ್ ಎಷ್ಟು ಕಡಿಮೆಯಾಗುತ್ತದೆ ಎಂದು ಎಣಿಸುವುದು ಕೆಲಸ. ಹತ್ತು ವರ್ಷ ಕಳೆದ ಮೇಲೆ ತಂಡ ಇನ್ನೂ ಆಳಕ್ಕೆ ಇಳಿಯಿತು. ಅಲ್ಲಿ ಬಂಡೆಯೇ ಬಿಸಿ. ಬಂಡೆ ಸಿಡಿಯುವ ಭಯ ಬೇರೆ. ಕೇಜಿನಲ್ಲಿ ಇಳಿದು, ಬೆವರು ಸುರಿಸುತ್ತಾ ಉಪಕರಣ ಜೋಡಿಸಿ ಕಾದರು. ವಾರಗಟ್ಟಲೆ ಕಾದರೂ ಒಂದು ಮ್ಯೂಯಾನೂ ಬರಲಿಲ್ಲ.

ಏನೂ ಸಿಗಲಿಲ್ಲ ಅಂದರೆ ಸೋಲು ಅಂತ ನಮ್ಮ ಪರೀಕ್ಷೆಗಳು ಮಕ್ಕಳಿಗೆ ಕಲಿಸಿವೆ. ಇವರು ಹಾಗೆ ತಿಳಿಯಲಿಲ್ಲ. ಗದ್ದಲ ಪೂರ್ತಿ ನಿಂತಿದೆ, ಇನ್ನು ಇಲ್ಲಿ ಏನಾದರೂ ಕಂಡರೆ ಅದು ನ್ಯೂಟ್ರಿನೋದಿಂದಲೇ ಬಂದಿರಬೇಕು ಎಂದುಕೊಂಡರು! ನನಗೆ ಇಡೀ ಭಾರತೀಯ ವಿಜ್ಞಾನದಲ್ಲಿ ಇದಕ್ಕಿಂತ ಇಷ್ಟವಾದ ಘಟನೆ ಇಲ್ಲ.

ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯ ಒಟ್ಟು ಸೇರಿದವು. ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಎದುರುಬದುರಾಗಿ ಎರಡು ಗೋಡೆಯಂತೆ ಉಪಕರಣ ನಿಲ್ಲಿಸಿದರು. ಯಾಕೆ ಗೋಡೆ? ಮಾಮೂಲಿ ಮ್ಯೂಯಾನ್ ಅಷ್ಟು ಆಳಕ್ಕೆ ಬಂದರೂ ಮೇಲಿನಿಂದಲೇ ಬರಬೇಕು, ಅಡ್ಡಲಾಗಿ ಬರಲು ಬಂಡೆ ಬಿಡುವುದಿಲ್ಲ. ಅಡ್ಡಲಾಗಿ ಹಾದುಹೋದದ್ದು ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೋ ಬಡಿದು ಅಲ್ಲೇ ಹುಟ್ಟಿದ್ದು. 1965ರಲ್ಲಿ ಅಂಥ ಗುರುತು ಸಿಕ್ಕೇಬಿಟ್ಟಿತು.

ಅದೇ ಹೊತ್ತಿಗೆ ಅಮೆರಿಕದ ವಿಜ್ಞಾನಿ ಫ್ರೆಡರಿಕ್ ರೈನ್ಸ್ ಅವರ ತಂಡ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಹುಡುಕಾಟದಲ್ಲಿತ್ತು. ಅವರಿಗೆ ಕಂಡದ್ದು ಮೊದಲು. ಆದರೆ ಕೆಜಿಎಫ್ ಪ್ರಬಂಧ ಅಚ್ಚಾದದ್ದು ಆಗಸ್ಟ್ 15ರಂದು, ಅವರದಕ್ಕಿಂತ ಎರಡು ವಾರ ಮುಂಚೆ. ಪ್ರಕೃತಿಯಲ್ಲಿ ತಾನಾಗಿ ಹುಟ್ಟುವ ನ್ಯೂಟ್ರಿನೋ ಮನುಷ್ಯನಿಗೆ ಮೊದಲು ಕಂಡದ್ದು ಈ ಎರಡು ಗಣಿಗಳಲ್ಲಿ. ಕೆಜಿಎಫ್ ಅಂದರೆ ಚಿನ್ನ ಮಾತ್ರ ಅಂದುಕೊಂಡವರನ್ನು ಕಂಡರೆ ನನಗೆ ಸ್ವಲ್ಪ ಬೇಸರವೇ. ಈ ಪಾಠ ನಮ್ಮ ಪ್ರತಿ ಶಾಲೆಯಲ್ಲೂ ಇರಬೇಕಿತ್ತು, ಅಲ್ವಾ?

ಹೊತ್ತಾಗುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1987ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಪುಟ್ಟ ಗ್ಯಾಲಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದದ್ದು ಕಂಡಿತು. ಜಪಾನ್, ಅಮೆರಿಕ, ರಷ್ಯಾದ ನೆಲದಡಿಯ ಉಪಕರಣಗಳಲ್ಲಿ ಒಟ್ಟು ಸುಮಾರು 25 ನ್ಯೂಟ್ರಿನೋ ಸಿಕ್ಕವು. ಸಿಡಿತದ ಬೆಳಕು ಬಂದದ್ದು ಕೆಲವು ಗಂಟೆಗಳ ಆಮೇಲೆ. ಮತ್ತೆ ಅದೇ ಮಾತು, ಬೆಳಕೊಂದೇ ಸಾಲದು. ನ್ಯೂಟ್ರಿನೋಗಳು ದಾರಿಯಲ್ಲಿ ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಗುತ್ತವೆ ಎಂದು ತೋರಿಸಿದ್ದಕ್ಕೆ 2015ರ ನೊಬೆಲ್ ಬಂತು. ವಿಶ್ವದಲ್ಲಿ ದ್ರವ್ಯ ಉಳಿದು, ಅದಕ್ಕೆ ತದ್ವಿರುದ್ಧ ಜೋಡಿಯಾದ ಪ್ರತಿದ್ರವ್ಯ ಯಾಕೆ ಮಾಯವಾಯಿತು ಎಂಬ ಪ್ರಶ್ನೆಗೂ ಈಗ ಇದೇ ಕಣದಲ್ಲಿ ಉತ್ತರ ಹುಡುಕುತ್ತಿದ್ದಾರೆ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ನಿಮ್ಮ ಮನೆಯಲ್ಲಿ ತಾತನೋ ಮಾವನೋ ಅಲ್ಲಿ ಕೆಲಸ ಮಾಡಿದ್ದರೆ, ಕೆಳಗೆ ಪ್ರಯೋಗ ಮಾಡುತ್ತಿದ್ದವರ ನೆನಪಿದೆಯೇ ಎಂದು ಇವತ್ತೇ ಕೇಳಿ. ಅವರು ಹೇಳಿದ್ದನ್ನು ಬರೆದಿಡಿ. ನಮಸ್ಕಾರ.