ಬಿಳಿ ಹೋದರೆ ಹೋಯ್ತು: ಕ್ಯಾಮೆರಾದ ಡೈನಾಮಿಕ್ ರೇಂಜ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆಯಿಂದ ಕೂತಿದ್ದೀರಿ, ಈಗಷ್ಟೇ ಊಟವೂ ಆಗಿದೆ. ನಿದ್ದೆ ಬಂದರೆ ತಪ್ಪಲ್ಲ. ಆದರೆ ಮೊದಲ ಹತ್ತು ನಿಮಿಷ ಎಚ್ಚರ ಇರಿ. ನಮ್ಮಪ್ಪನ ಅಂಗಿಯ ಕಥೆ ಹೇಳಬೇಕು.

ಊಟದ ಸಾಲಿನಲ್ಲಿ ಒಬ್ಬ ಹುಡುಗ ಕೇಳಿದ: "ಸಾರ್, 24 ಮೆಗಾಪಿಕ್ಸೆಲ್ ಸಾಕಾ, 45 ಬೇಕಾ?" ಕೇಳಿದ್ದು ತಪ್ಪಲ್ಲ. ಜಾಹೀರಾತಿನಲ್ಲಿ ಎದ್ದು ಕಾಣೋದು ಅದೇ ಸಂಖ್ಯೆ. ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಒಂದೇ ಫ್ರೇಮಿನಲ್ಲಿ ಎಷ್ಟು ಬೆಳಕು, ಎಷ್ಟು ಕತ್ತಲೆ ಹಿಡಿಯುತ್ತದೆ ಅನ್ನೋದನ್ನು, ಅಂದರೆ ಡೈನಾಮಿಕ್ ರೇಂಜನ್ನು, ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದದ್ದು ನಾನಂತೂ ನೋಡಿಲ್ಲ. ಇವತ್ತು ಬೇರೆ ವಿಷಯ ಮಾತಾಡೋಣ ಅಂದುಕೊಂಡು ಬಂದಿದ್ದೆ. ಆ ಹುಡುಗ ನನ್ನನ್ನು ಇಲ್ಲಿಗೆ ಎಳೆದು ತಂದ.

2006ರ ಮೇ ತಿಂಗಳು. ತಂಗಿಯ ಮದುವೆ. ಊರಿನ ಮನೆಯ ಅಂಗಳದಲ್ಲಿ ಸೋಗೆ ಚಪ್ಪರ. ನಮ್ಮಪ್ಪ ಕಪ್ಪು ಮೈಬಣ್ಣದವರು, ಗದ್ದೆಯ ಬಿಸಿಲಿಗೆ ಇನ್ನೂ ಕಪ್ಪಾದವರು. ಅವತ್ತು ಹೊಸ ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಜರಿಯಂಚಿನ ಶಲ್ಯ. ಅಂಗಿಯ ಬಟ್ಟೆಯನ್ನು ಅವರೇ ಪೇಟೆಗೆ ಹೋಗಿ ಆರಿಸಿದ್ದರು. ಬಿಳಿಯ ಮೇಲೆ ಬಿಳಿ ಗೆರೆ. ಹತ್ತಿರ ಬಂದರೆ ಮಾತ್ರ ಕಾಣುವಂಥದ್ದು.

ಧಾರೆ ಮುಗಿದ ಮೇಲೆ ಅಪ್ಪ ಚಪ್ಪರದ ಅಂಚಿಗೆ ಬಂದು ನಿಂತರು. ಮುಖ ನೆರಳಿನಲ್ಲಿ, ಎಡ ಹೆಗಲು ಸುಡು ಬಿಸಿಲಿನಲ್ಲಿ. ಯಾರೋ ಏನೋ ಅಂದರು, ಅಪ್ಪ ನಕ್ಕುಬಿಟ್ಟರು. ಕ್ಯಾಮೆರಾ ಮುಂದೆ ನಗುವವರೇ ಅಲ್ಲ ಅವರು. ನಾನು ಕ್ಲಿಕ್ ಮಾಡಿದೆ. ನನ್ನ ಮೊದಲ ಡಿಜಿಟಲ್ ಕ್ಯಾಮೆರಾ. ಹಿಂದಿನ ರಾತ್ರಿ ದೀಪದ ಬೆಳಕಿನಲ್ಲಿ ಇಟ್ಟಿದ್ದ ಐಎಸ್‌ಒ 800, ಅಂದರೆ ಕಮ್ಮಿ ಬೆಳಕಿಗೆಂದು ಏರಿಸಿಟ್ಟ ಸೆಟ್ಟಿಂಗ್, ಹಾಗೇ ಉಳಿದಿತ್ತು. ಫೈಲು ಜೆಪೆಗ್, ಅಂದರೆ ಕ್ಯಾಮೆರಾವೇ ಹದಮಾಡಿ ಕುಗ್ಗಿಸಿ ಕೊಟ್ಟದ್ದು. ರಾ, ಅಂದರೆ ಸೆನ್ಸರ್ ಅಳೆದದ್ದನ್ನು ಹಾಗೇ ಇಡುವ ಫೈಲು, ಒಂದಿದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಆ ವರ್ಷ ನವೆಂಬರಿನಲ್ಲಿ ಅಪ್ಪ ತೀರಿಕೊಂಡರು. ಗೋಡೆಗೆ ಹಾಕಲು ಫೋಟೋ ಬೇಕಾಯಿತು. ಅಮ್ಮ ಹೇಳಿದಳು, "ನಕ್ಕಿದ್ದು ಒಂದಿದೆಯಲ್ಲ, ಅದನ್ನೇ ಹಾಕಿಸು."

ಕಂಪ್ಯೂಟರಿನಲ್ಲಿ ತೆರೆದೆ. ಎಡ ಹೆಗಲು ಸುಣ್ಣ ಬಳಿದ ಗೋಡೆಯ ಹಾಗಿತ್ತು. ಕೆಂಪು 255, ಹಸಿರು 255, ನೀಲಿ 255, ಮೂರೂ ಗರಿಷ್ಠ, ಅಂದರೆ ಬರೀ ಬಿಳಿ. ಮಡಿಕೆ ಇಲ್ಲ, ಗುಂಡಿ ಇಲ್ಲ, ಶಲ್ಯ ಎಲ್ಲಿ ಮುಗಿದು ಅಂಗಿ ಎಲ್ಲಿ ಶುರುವಾಗುತ್ತದೆ ಅನ್ನೋದೇ ಇಲ್ಲ. ಮುಖವೋ, ಕಪ್ಪಗೆ ಮುಚ್ಚಿಹೋಗಿತ್ತು. ಬೆಳಗಿಸಲು ಹೋದೆ. ಕೆನ್ನೆಯ ಮೇಲೆ ನೇರಳೆ ಮಚ್ಚೆಗಳು ಎದ್ದವು, ಹಣೆಯ ಮೇಲೆ ಅಡ್ಡ ಪಟ್ಟೆಗಳು. ಅಮ್ಮ ಪಕ್ಕದಲ್ಲಿ ನಿಂತಿದ್ದಳು. ಆ ಅಂಗಿಯನ್ನು ಇಸ್ತ್ರಿ ಮಾಡಿದ್ದು ಅವಳೇ. ಕೇಳಿದ್ದು ಒಂದೇ ಮಾತು: "ಗೆರೆ ಎಲ್ಲಿ ಹೋಯ್ತು?"

ಅದೇ ಮದುವೆಗೆ ಪೇಟೆಯ ಸ್ಟುಡಿಯೋದವರೊಬ್ಬರು ಬಂದಿದ್ದರು. ಅವರು ಆಗಲೂ ನೆಗೆಟಿವ್ ರೀಲು ಹಾಕುತ್ತಿದ್ದರು. ಅವರ ಗುಂಪು ಫೋಟೋದಲ್ಲಿ ಅಪ್ಪ ಪೂರ್ತಿ ಬಿಸಿಲಿನಲ್ಲಿ ನಿಂತಿದ್ದಾರೆ. ಅಂಗಿಯ ಗೆರೆ ಇದೆ. ಜರಿ ಇದೆ. ನಗು ಇಲ್ಲ. ನಮ್ಮ ಮನೆ ಗೋಡೆಯ ಮೇಲೆ ಇರೋದು ಅದೇ.

ನಾನು ಡೈನಾಮಿಕ್ ರೇಂಜ್ ಬಗ್ಗೆ ಓದಲು ಶುರು ಮಾಡಿದ್ದು ಆ ನವೆಂಬರಿನಿಂದ.

ಸೆನ್ಸರ್ ಒಳಗೆ ಏನಾಗುತ್ತದೆ? ಅಂಗಳದಲ್ಲಿ ಮಳೆಗೆ ಸಾಲಾಗಿ ಕೊಡ ಇಟ್ಟಿದ್ದೀರಿ ಅಂದುಕೊಳ್ಳಿ. ಒಂದೊಂದು ಪಿಕ್ಸೆಲ್ ಒಂದೊಂದು ಕೊಡ. ಬೆಳಕು ಮಳೆ. ಬೆಳಕಿನ ಕಣ ಬಿದ್ದರೆ ಕೊಡದಲ್ಲಿ ಎಲೆಕ್ಟ್ರಾನ್ ಸೇರುತ್ತದೆ. ಕೊಡ ತುಂಬಿದ ಮೇಲೆ ಎಷ್ಟು ಮಳೆ ಬಂದರೂ ಲೆಕ್ಕಕ್ಕಿಲ್ಲ. ಎರಡು ಕೊಡ ತುಂಬಿ ಹರಿದಿವೆ, ಯಾವುದಕ್ಕೆ ಜಾಸ್ತಿ ಮಳೆ ಬಿತ್ತು ಹೇಳಿ ನೋಡೋಣ? ಆಗಲ್ಲ, ಅಲ್ವಾ? ಅಪ್ಪನ ಹೆಗಲ ಮೇಲೆ ಆಗಿದ್ದು ಅದೇ. ಗೆರೆಯ ಕೊಡವೂ ತುಂಬಿತು, ಗೆರೆ ಪಕ್ಕದ ಕೊಡವೂ ತುಂಬಿತು. ವ್ಯತ್ಯಾಸ ಅಳಿಸಿಹೋಯಿತು. ಯಾವ ಸಾಫ್ಟ್‌ವೇರೂ ಅದನ್ನು ತಿರುಗಿ ತರೋದಿಲ್ಲ, ಊಹಿಸಿ ಬಿಡಿಸಬಹುದು ಅಷ್ಟೆ. ಬಿಳಿ ಹೋದರೆ ಹೋಯ್ತು.

ಇದು ಮೇಲಿನ ತುದಿ. ಕೆಳಗಿನ ತುದಿಯಲ್ಲಿ ಇನ್ನೊಂದು ಕಷ್ಟ. ಕೊಡದಲ್ಲಿ ಎಷ್ಟಿದೆ ಅಂತ ಅಳೆಯುವಾಗ ಎಲೆಕ್ಟ್ರಾನಿಕ್ ಭಾಗಗಳು ತಮ್ಮದೇ ಒಂದಿಷ್ಟು ಗೊಂದಲ ಸೇರಿಸುತ್ತವೆ. ಅಳತೆ ಕೋಲಿನ ತುದಿಗೆ ಮೊದಲೇ ನೀರು ಅಂಟಿದ್ದ ಹಾಗೆ. ಕೊಡದಲ್ಲಿ ಎರಡೇ ಹನಿ ಇದ್ದರೆ ಅದು ಮಳೆಯದೋ ಕೋಲಿನದೋ ಗೊತ್ತಾಗಲ್ಲ. ಇದನ್ನೇ ರೀಡ್ ನಾಯ್ಸ್ ಅನ್ನುತ್ತಾರೆ.

ತುಂಬಿದ ಕೊಡವನ್ನು ಈ ಗೊಂದಲದಿಂದ ಭಾಗಿಸಿದರೆ ಬರೋದೇ ಡೈನಾಮಿಕ್ ರೇಂಜ್. ಒಂದು ಪಿಕ್ಸೆಲ್ 50,000 ಎಲೆಕ್ಟ್ರಾನ್ ಹಿಡಿಯುತ್ತದೆ, ರೀಡ್ ನಾಯ್ಸ್ 3 ಎಲೆಕ್ಟ್ರಾನ್ ಅಂತ ಇಟ್ಟುಕೊಳ್ಳಿ. ಭಾಗಿಸಿದರೆ ಸುಮಾರು 16,700. ಒಂದೊಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು. ಎರಡನ್ನು 14 ಸಲ ಗುಣಿಸಿದರೆ 16,384. ಹಾಗಾಗಿ ಅದು ಸುಮಾರು 14 ಸ್ಟಾಪ್‌ಗಳ ಸೆನ್ಸರ್. ಲೆಕ್ಕ ಇಷ್ಟೇ.

ಈಗ ಅಪ್ಪನನ್ನು ಅಳೆಯೋಣ. ಬಿಳಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80, 90ರಷ್ಟು ವಾಪಸ್ ಕೊಡುತ್ತದೆ. ಕಪ್ಪು ಮೈಬಣ್ಣ 10ರ ಆಸುಪಾಸು. ಅಲ್ಲಿಗೇ 3 ಸ್ಟಾಪ್ ಆಯಿತು. ಬಿಸಿಲಿಗೂ ಚಪ್ಪರದ ನೆರಳಿಗೂ ಇನ್ನೊಂದು 3. ಒಟ್ಟು 6, ಅಂದರೆ 64 ಪಟ್ಟು. ಮೇಲೆ ಜರಿಯ ಹೊಳಪು, ಕೆಳಗೆ ಕೂದಲಿನ ಕಪ್ಪು. ಇವೆರಡನ್ನೂ ಸೇರಿಸಿದರೆ ಒಟ್ಟು 10 ಸ್ಟಾಪ್ ದಾಟಿತು. ಒಬ್ಬ ರೈತ ಮಗಳ ಮದುವೆಯಲ್ಲಿ ಸುಮ್ನೆ ನಿಂತಿದ್ದಾನೆ, ಅಷ್ಟಕ್ಕೇ ಇಷ್ಟು ಬೇಕು!

ಆದ್ದರಿಂದಲೇ ಇದು ನಮಗೆ ಜಾಸ್ತಿ ಮುಖ್ಯ ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ. ಮೋಡ ಮುಸುಕಿದ ಊರಿನಲ್ಲಿ ತೆಳು ಬಣ್ಣದ ಮುಖ ತೆಗೆಯುವವರಿಗೆ 6, 7 ಸ್ಟಾಪ್‌ನಲ್ಲಿ ಕೆಲಸ ಮುಗಿಯಬಹುದು. ಹಿಂದೆ ಅಮೆರಿಕದ ಲ್ಯಾಬುಗಳಲ್ಲಿ ಪ್ರಿಂಟಿನ ಬಣ್ಣ ಹೊಂದಿಸಲು ಒಬ್ಬ ಬಿಳಿ ಹೆಂಗಸಿನ ಚಿತ್ರ ಇರುತ್ತಿತ್ತು, ಶರ್ಲಿ ಕಾರ್ಡ್ ಅಂತ. ಅವಳ ಮುಖ ಸರಿ ಬಂದರೆ ಎಲ್ಲ ಸರಿ. ಕಪ್ಪು ಮುಖಗಳು ಏನಾದವು ಅಂತ ಬಹಳ ಕಾಲ ಯಾರೂ ಕೇಳಲಿಲ್ಲ. ನಮ್ಮಲ್ಲಿ ಬಿಸಿಲು ಗಟ್ಟಿ, ಮುಖ ಕಪ್ಪು, ಬಟ್ಟೆ ಬಿಳಿ. ಜಾತ್ರೆಗೆ ಹೋಗಿ, ಸಂತೆಗೆ ಹೋಗಿ, ಇದೇ ಕಾಣೋದು.

ಮುಂದಿನ ಸಾಲಿನಲ್ಲಿ ಕಾಡಿನ ಫೋಟೋದವರು ಕೂತಿದ್ದೀರಿ. ನಿಮಗೂ ಇದೇ ಪಾಡು. ಕಾಟಿ ನೋಡಿ, ಕರ್ರಗಿನ ಮೈ, ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ. ದೇವರು ಸೆನ್ಸರ್ ಪರೀಕ್ಷೆ ಮಾಡಲೆಂದೇ ಅದನ್ನು ಸೃಷ್ಟಿಸಿದ ಅಂತ ಕಾಣುತ್ತದೆ. ಗದ್ದೆಯಲ್ಲಿ ಬೆಳ್ಳಕ್ಕಿ ತೆಗೆದು, ಮನೆಗೆ ಬಂದು ನೋಡಿದಾಗ ಹಕ್ಕಿಯ ಆಕಾರದ ಬಿಳಿ ಕಾಗದ ಸಿಕ್ಕಿದವರು ಕೈ ಎತ್ತಿ. ನೋಡಿ, ಅರ್ಧ ಸಭೆ! ಗರಿ ಹೋಯ್ತು. ಬಿಳಿ ಹೋದರೆ ಹೋಯ್ತು.

ಈ ಕಷ್ಟ ಹೊಸದಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೆ ಸಮುದ್ರದ ಫೋಟೋ ತೆಗೆಯುತ್ತಿದ್ದ. ಆಗಿನ ಗಾಜಿನ ನೆಗೆಟಿವ್‌ನಲ್ಲಿ ಸಮುದ್ರ ಸರಿ ಬಂದರೆ ಆಕಾಶ ಬರೀ ಬಿಳಿ. ಕೆಲವು ಚಿತ್ರಗಳಿಗೆ ಅವನು ಆಕಾಶಕ್ಕೊಂದು ನೆಗೆಟಿವ್, ನೀರಿಗೊಂದು ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಜೋಡಿಸಿ ಅಚ್ಚು ಹಾಕಿದ. ನಿಮ್ಮ ಫೋನು ಹಲವು ಫ್ರೇಮ್ ಕೂಡಿಸಿ ಎಚ್‌ಡಿಆರ್ ಅಂತ ಮಾಡೋದರ ಮುತ್ತಾತ ಅದು. ಆಮೇಲೆ 1940ರ ಹೊತ್ತಿಗೆ ಅಮೆರಿಕದ ಫೋಟೋಗ್ರಾಫರ್‌ಗಳಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಝೋನ್ ಸಿಸ್ಟಮ್ ರೂಪಿಸಿದರು, ಕಪ್ಪಿನಿಂದ ಬಿಳಿವರೆಗಿನ ಛಾಯೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಹಾಕುವ ವಿಧಾನ. ನೆಗೆಟಿವ್‌ನವರ ಮಂತ್ರ: ನೆರಳಿಗೆ ಎಕ್ಸ್‌ಪೋಸ್ ಮಾಡು (ಅಂದರೆ ನೆರಳು ನೋಡಿ ಎಷ್ಟು ಬೆಳಕು ಬಿಡಬೇಕು ಅಂತ ತೀರ್ಮಾನಿಸು), ಬೆಳಕಿಗೆ ಡೆವಲಪ್ ಮಾಡು. ಯಾಕಂದರೆ ನೆಗೆಟಿವ್ ಬಿಳಿಯನ್ನು ಮೆಲ್ಲಗೆ ಬಿಟ್ಟುಕೊಡುತ್ತದೆ, ಒಮ್ಮೆಗೇ ಕತ್ತರಿಸೋದಿಲ್ಲ. ಸ್ಟುಡಿಯೋದವರ ರೀಲು ಗೆರೆ ಉಳಿಸಿದ್ದು ಹಾಗೆ.

ಡಿಜಿಟಲ್‌ನಲ್ಲಿ ಮಂತ್ರ ತಿರುವುಮುರುವು. ಬಿಳಿಗೆ ಎಕ್ಸ್‌ಪೋಸ್ ಮಾಡು, ನೆರಳನ್ನು ಆಮೇಲೆ ಎತ್ತು. ಆದರೆ ಎತ್ತಲು ನೆರಳಿನಲ್ಲಿ ಏನಾದರೂ ಇರಬೇಕಲ್ಲ? ಅದು ಬಂದದ್ದು ನಿಧಾನವಾಗಿ. ಮೊದಲಿನ ಎಷ್ಟೋ ಕ್ಯಾಮೆರಾಗಳಲ್ಲಿ ಪಿಕ್ಸೆಲ್‌ನ ಸಂಕೇತ ಸೆನ್ಸರ್‌ನಿಂದ ಹೊರಗೆ ಬಂದು, ಬೇರೆ ಚಿಪ್ ತಲುಪಿದ ಮೇಲೆ ಅಂಕಿಯಾಗುತ್ತಿತ್ತು. ಆ ದಾರಿಯಲ್ಲೇ ಗದ್ದಲ ಸೇರುತ್ತಿತ್ತು, ಪಟ್ಟೆ ಪಟ್ಟೆಯಾಗಿ. ಆಮೇಲೆ ಸೆನ್ಸರ್ ಮೇಲೆಯೇ, ಪಿಕ್ಸೆಲ್‌ಗಳ ಒಂದೊಂದು ಲಂಬ ಸಾಲಿಗೂ ಸಂಕೇತವನ್ನು ಅಂಕಿ ಮಾಡುವ ಬೇರೆ ಬೇರೆ ಪರಿವರ್ತಕ ಕೂರಿಸಿದರು. ಸೋನಿ ಈ ದಾರಿಯಲ್ಲಿ ಮುಂದೆ ಹೋಯಿತು. 2012ರಲ್ಲಿ ನಿಕಾನ್ ಡಿ800 ಬಂತು. ಅದರ ರಾ ಫೈಲಿನಲ್ಲಿ ಕಪ್ಪಗೆ ಕಾಣುವ ನೆರಳನ್ನು 4 ಸ್ಟಾಪ್ ಎತ್ತಿದರೂ ಮುಖ ಮುಖವಾಗಿಯೇ ಇತ್ತು. 36 ಮೆಗಾಪಿಕ್ಸೆಲ್ ಅಂತ ಎಲ್ಲರೂ ಕುಣಿದರು. ನಾನು ಅದರ ನೆರಳು ನೋಡಿ ಸುಮ್ಮನೆ ಕೂತೆ. ಕ್ಯಾನನ್ 2016ರ 5ಡಿ ಮಾರ್ಕ್ 4ರ ಹೊತ್ತಿಗೆ ಅದೇ ದಾರಿಗೆ ಬಂತು.

ಒಂದು ಎಚ್ಚರಿಕೆ. ಆ 14 ಸ್ಟಾಪ್ ಸಿಗೋದು ತಳದ ಐಎಸ್‌ಒದಲ್ಲಿ ಮಾತ್ರ, ಅಂದರೆ 100 ಅಥವಾ 64ರಲ್ಲಿ. ಐಎಸ್‌ಒ ಎರಡರಷ್ಟಾದರೆ ಕೊಡದ ಎತ್ತರ ಅರ್ಧ ಕತ್ತರಿಸಿದಂತೆ. 100ರಿಂದ 1600ಕ್ಕೆ ಹೋದರೆ ಹದಿನಾರರಲ್ಲಿ ಒಂದು ಪಾಲು ಉಳಿಯಿತು. ಹೆಚ್ಚುಕಡಿಮೆ 4 ಸ್ಟಾಪ್ ಕೈಬಿಟ್ಟಿತು. ಲಕ್ಷಗಟ್ಟಲೆ ಕೊಟ್ಟು ಕೊಂಡ ಕ್ಯಾಮೆರಾವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಐಎಸ್‌ಒ 800ರಲ್ಲಿ ಹಿಡಿದವರನ್ನು ನೋಡಿದರೆ ನನಗೆ ಕೈ ಹಿಡಿದು ನಿಲ್ಲಿಸಬೇಕು ಅನಿಸುತ್ತದೆ. ನಾನೂ ಹಾಗೆ ಹಿಡಿದವನೇ.

ಇನ್ನೊಂದು ಮಾತು. ಬೆಳಕಿಗೇ ತನ್ನದೊಂದು ಗದ್ದಲ ಇದೆ. ಮಳೆ ಹನಿ ಲೆಕ್ಕ ಇಟ್ಟು ಬೀಳಲ್ಲ. ಸರಾಸರಿ 100 ಕಣ ಬೀಳುವ ಕಡೆ 10ರಷ್ಟು ಹೆಚ್ಚುಕಮ್ಮಿ ಆಗುತ್ತದೆ, ಅಂದರೆ ನೂರಕ್ಕೆ ಹತ್ತು. 10,000 ಬೀಳುವ ಕಡೆ ಹೆಚ್ಚುಕಮ್ಮಿ 100, ಅಂದರೆ ನೂರಕ್ಕೆ ಒಂದು. ಹಾಗಾಗಿ ಬಿಳಿ ತುಂಬಿ ಹರಿಯದಷ್ಟು ಮಾತ್ರ ನೋಡಿಕೊಂಡು, ಆದಷ್ಟು ಜಾಸ್ತಿ ಬೆಳಕು ಕೊಡಿ. ಹೆದರಿ ಹೆದರಿ ಕತ್ತಲೆ ಫೋಟೋ ತೆಗೆಯೋದೂ ಬೇಡ. ಹಿಸ್ಟೋಗ್ರಾಮ್, ಅಂದರೆ ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಅಂತ ಕ್ಯಾಮೆರಾ ತೋರಿಸುವ ನಕ್ಷೆ, ಬಲ ಗೋಡೆಗೆ ಹತ್ತಿರ ಇರಲಿ, ಗೋಡೆ ಹತ್ತೋದು ಬೇಡ. ಕ್ಯಾಮೆರಾ ತೋರಿಸೋದು ಸಾಮಾನ್ಯವಾಗಿ ಜೆಪೆಗ್‌ನ ಹಿಸ್ಟೋಗ್ರಾಮ್. ರಾದಲ್ಲಿ ಇನ್ನೂ ಸ್ವಲ್ಪ ಜಾಗ ಇರುತ್ತದೆ. ಎಷ್ಟು ಅಂತ ನಿಮ್ಮ ಕ್ಯಾಮೆರಾದಲ್ಲೇ ಪರೀಕ್ಷೆ ಮಾಡಿ. ಅಂಗಳದಲ್ಲಿ ಬಿಳಿ ಟವೆಲ್ ಒಣಹಾಕಿದರೆ ಸಾಕು.

ಸಂಘಟಕರು ಚೀಟಿ ಕಳಿಸಿದರು, ಐದು ನಿಮಿಷ ಅಂತ. ಹಾಗಾದರೆ ಫಿಲ್ಟರ್, ಬ್ರಾಕೆಟಿಂಗ್ ಎರಡನ್ನೂ ಬಿಡುತ್ತೇನೆ. ಫೋನಿನ ಬಗ್ಗೆ ಒಂದೇ ಮಾತು: ಅದರ ಕೊಡ ಚಿಕ್ಕದು, ಅದಕ್ಕೇ ಹಲವು ಫ್ರೇಮ್ ತೆಗೆದು ಕೂಡಿಸುತ್ತದೆ. ನಿಂತವರಿಗೆ ಚೆನ್ನ. ಓಡುವ ಕಂಬಳದ ಕೋಣಕ್ಕೆ ಕಷ್ಟ.

ಆದರೆ ಇದೊಂದನ್ನು ಬಿಡಲಾರೆ. ಎತ್ತಲು ಬರುತ್ತದೆ ಅಂತ ಎಲ್ಲ ನೆರಳನ್ನೂ ಎತ್ತಬೇಡಿ. ಬೇಲೂರಿನ ಗುಡಿಯ ನವರಂಗಕ್ಕೆ ಹೊರಗಿನ ಬಿಸಿಲಿನಿಂದ ಕಾಲಿಟ್ಟರೆ ಕಣ್ಣು ಒಂದು ಗಳಿಗೆ ಏನೂ ಕಾಣದೆ ನಿಲ್ಲುತ್ತದೆ, ಆಮೇಲೆ ಕಂಬಗಳ ತಿರುವು ಒಂದೊಂದಾಗಿ ಹೊಳೆಯುತ್ತದೆ. ಆ ಕತ್ತಲೆಯನ್ನೂ ಶಿಲ್ಪಿಯೇ ಇಟ್ಟದ್ದು ಅಂತ ನನ್ನ ನಂಬಿಕೆ. ಅದನ್ನು ಟ್ಯೂಬ್‌ಲೈಟ್ ಹಾಕಿದ ಕೋಣೆಯ ಹಾಗೆ ಮಾಡಿದ ಫೋಟೋ ನೋಡಿದರೆ ನನಗೆ ಸಂಕಟ ಆಗುತ್ತದೆ. ಸೆನ್ಸರ್ ಎಲ್ಲವನ್ನೂ ಹಿಡಿದುಕೊಡಲಿ. ಏನನ್ನು ಕಪ್ಪಾಗಿ ಬಿಡಬೇಕು ಅನ್ನೋದನ್ನು ನೀವು ತೀರ್ಮಾನಿಸಿ.

ಕೊನೆಯ ಸ್ಲೈಡ್ ಹಾಕಿ. ಆ ಕಡೆಯ ದೀಪ ಆರಿಸುತ್ತೀರಾ? ಇದು ಅಮ್ಮ. ಅಡುಗೆಮನೆ ಬಾಗಿಲಲ್ಲಿ, ಕಳೆದ ಬೇಸಿಗೆ. ಹಿಂದೆ ಅಂಗಳದ ಬಿಸಿಲು, ಹಗ್ಗದ ಮೇಲೆ ಬಿಳಿ ಬಟ್ಟೆ. ಐಎಸ್‌ಒ 100, ರಾ, ಬಟ್ಟೆಗೆ ಎಕ್ಸ್‌ಪೋಸ್ ಮಾಡಿ, ಮುಖವನ್ನು ಎರಡೂವರೆ ಸ್ಟಾಪ್ ಎತ್ತಿದ್ದು. ಹಗ್ಗದ ಎಡ ತುದಿಯಲ್ಲಿ ಒಂದು ಅಂಗಿ ಇದೆ, ನೋಡಿ. ಅಮ್ಮ ಅದನ್ನು ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆದು ಒಗೆದು ಹಾಕುತ್ತಾಳೆ. ಸ್ವಲ್ಪ ದೊಡ್ಡದು ಮಾಡಿ. ಇನ್ನೂ. ಗೆರೆ ಕಾಣ್ತಾ ಇದೆಯಾ?