ತಪ್ಪು ಹೇಳುವ ಸಲಿಗೆ

ನನ್ನ ಕೈಯಲ್ಲಿರುವ ಈ ಪುಸ್ತಕದ ಬೆನ್ನು ಬಿಟ್ಟುಹೋಗಿದೆ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡಾಗಲೇ ಹಾಗಿತ್ತು. 1815ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದ, ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ ಅವರ ‘ಎಮ್ಮಾ’ ಕಾದಂಬರಿಯ ಪ್ರತಿ ಇದು. ಈ ಮಳೆಗಾಲದಲ್ಲಿ ಮೂರನೆಯ ಬಾರಿ ಓದಿ ಮುಗಿಸಿದೆ. ಗೆಳೆತನವೇ ಒಲವಾಗುವ ಹಗುರವಾದ ಕಥೆಗಳೆಂದರೆ ನನಗೇಕೆ ಇಷ್ಟು ಹುಚ್ಚು ಎಂದು ಕೇಳುವವರಿಗೆ ಇದನ್ನು ಮುಂದಿಟ್ಟುಕೊಂಡೇ ಉತ್ತರ ಹೇಳಬೇಕೆನಿಸಿತು.

ಎಮ್ಮಾ ವುಡ್‌ಹೌಸ್ ಹೈಬರಿ ಎಂಬ ಊರಿನ ದೊಡ್ಡ ಮನೆಯ ಮಗಳು. ಇನ್ನೂ ಇಪ್ಪತ್ತೊಂದು ತುಂಬಿಲ್ಲ. ತಾನು ಮದುವೆಯಾಗುವುದಿಲ್ಲ ಎಂದು ಸಾರಿಕೊಂಡು ಊರಿನವರ ಮದುವೆ ಕುದುರಿಸುವುದಕ್ಕೆ ಹೊರಟವಳು. ಅವಳ ಅಕ್ಕನ ಗಂಡನ ಅಣ್ಣ ನೈಟ್ಲಿ. ಒಂದು ಮೈಲಿ ದೂರದ ಜಮೀನ್ದಾರ, ಹೊತ್ತುಗೊತ್ತಿಲ್ಲದೆ ಮನೆಗೆ ಬಂದುಹೋಗುವವನು. ಎಮ್ಮಾಳ ತಪ್ಪುಗಳು ಕಾಣುವ ಕೆಲವೇ ಮಂದಿಯಲ್ಲಿ ಇವನೊಬ್ಬ, ಅವನ್ನು ಅವಳಿಗೇ ಹೇಳುವವನು ಇವನೊಬ್ಬನೇ ಎಂದು ಲೇಖಕಿ ಮೊದಲ ಅಧ್ಯಾಯದಲ್ಲೇ ತಿಳಿಸಿಬಿಡುತ್ತಾರೆ. ನನ್ನ ಪ್ರತಿಯಲ್ಲಿ ಆ ಸಾಲಿನ ಕೆಳಗೆ ಹಿಂದಿನ ಓದುಗರು ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ ಕನ್ನಡದಲ್ಲಿ ‘ಇವನೇ’ ಎಂದು ಬರೆದಿದ್ದಾರೆ.

ಗುಟ್ಟು ಅಷ್ಟು ಬೇಗ ಬಯಲಾದರೂ ರುಚಿ ಕೆಡುವುದಿಲ್ಲ, ಏಕೆಂದರೆ ಇಂಥ ಕಾದಂಬರಿಯಲ್ಲಿ ನಾವು ಕಾಯುವುದು ಯಾರಿಗೆ ಯಾರು ಎಂಬುದಕ್ಕಲ್ಲ, ನಮಗೆ ತಿಳಿದದ್ದು ನಾಯಕಿಗೆ ಯಾವಾಗ ಹೊಳೆಯುತ್ತದೆ ಎಂಬುದಕ್ಕೆ. ಮೊದಲ ನೋಟದ ಪ್ರೇಮದಲ್ಲಿ ಇಬ್ಬರೂ ಹಬ್ಬದ ಬಟ್ಟೆಯಲ್ಲಿರುತ್ತಾರೆ. ಇಲ್ಲಿ ಮನೆಯ ಬಟ್ಟೆಯಲ್ಲೇ ಜಗಳವಾಡುತ್ತಾರೆ. ನಾವು ಸಲಿಗೆ ಎನ್ನುತ್ತೇವಲ್ಲ, ಆ ಸಲಿಗೆಯೇ ಈ ಕಥೆಯ ಬಂಡವಾಳ.

ಅದು ಎಷ್ಟು ಭಾರ ಹೊರಬಲ್ಲದು ಎಂಬುದು ತಿಳಿಯುವುದು ಬಾಕ್ಸ್ ಹಿಲ್ ಗುಡ್ಡದ ವನಭೋಜನದಲ್ಲಿ. ಒಬ್ಬೊಬ್ಬರೂ ಒಂದು ಜಾಣ ಮಾತನ್ನೋ ಮೂರು ಪೆದ್ದು ಮಾತುಗಳನ್ನೋ ಆಡಬೇಕೆಂಬ ಆಟ ಏರ್ಪಡುತ್ತದೆ. ಬಡತನಕ್ಕಿಳಿದ, ಬಾಯಿ ಮುಚ್ಚದ ಮಿಸ್ ಬೇಟ್ಸ್, ಮೂರು ಪೆದ್ದು ಮಾತು ತನಗೆ ಸುಲಭ ಎಂದು ನಗುತ್ತಾಳೆ. ಮೂರಕ್ಕೇ ನಿಲ್ಲಿಸುವುದು ನಿಮಗೆ ಕಷ್ಟವಾದೀತು ಎಂದು ಎಮ್ಮಾ ಚುಚ್ಚುತ್ತಾಳೆ. ಮೊದಲ ಓದಿನಲ್ಲಿ ನಾನೂ ನಕ್ಕುಬಿಟ್ಟಿದ್ದೆ. ಬಳಿಕ ಗಾಡಿಯ ಬಳಿ ನೈಟ್ಲಿ ಅವಳನ್ನು ತರಾಟೆಗೆ ತೆಗೆದುಕೊಳ್ಳುವಾಗ ಆ ಬೈಗುಳ ನನಗೂ ತಾಗಿತು. ಎಮ್ಮಾ ಮನೆ ಮುಟ್ಟುವವರೆಗೂ ಅಳುತ್ತಾಳೆ. ಅಷ್ಟು ಅಧ್ಯಾಯಗಳ ಹಾಸ್ಯವಿಲ್ಲದೆ ಹೋಗಿದ್ದರೆ ಈ ಅಳು ನಮ್ಮನ್ನು ಇಷ್ಟು ಅಲುಗಿಸುತ್ತಿರಲಿಲ್ಲ.

ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ಅವನು ಅವಳಿಗಿಂತ ಹದಿನಾರು ವರ್ಷ ದೊಡ್ಡವನು, ಅವನ ಬುದ್ಧಿಮಾತು ಕೆಲವೆಡೆ ಮೇಷ್ಟರ ಪಾಠದಂತೆ ಕೇಳುತ್ತದೆ. ಅದನ್ನು ಸಹಿಸಿಕೊಂಡೇ ನಾನು ಓದುತ್ತೇನೆ.

ಸಹಿಸುವುದು ತೋಟದ ಆ ದೃಶ್ಯಕ್ಕಾಗಿ. ತನ್ನ ಗೆಳತಿ ಹ್ಯಾರಿಯೆಟ್ ನೈಟ್ಲಿಯ ಮೇಲೆ ಮನಸ್ಸಿಟ್ಟಿದ್ದಾಳೆಂದು ತಿಳಿದ ಮೇಲಷ್ಟೇ ಎಮ್ಮಾಳಿಗೆ ತನ್ನ ಮನಸ್ಸು ಗೊತ್ತಾಗಿರುತ್ತದೆ. ಅವನು ಏನೋ ಹೇಳಲು ಬಾಯಿ ತೆರೆದಾಗ ಹ್ಯಾರಿಯೆಟ್ ವಿಷಯವೇ ಇರಬೇಕೆಂದು ಹೆದರಿ ತಡೆಯುತ್ತಾಳೆ. ಮರುಕ್ಷಣ ಅವನ ನೋವು ಕಂಡು, ಸ್ನೇಹಿತೆಯಾಗಿ ಏನಿದ್ದರೂ ಕೇಳುತ್ತೇನೆ ಎಂದು ತಾನೇ ಮಾತು ಕೊಡುತ್ತಾಳೆ. ಅವನು ಎಡವುವುದು ಆ ‘ಸ್ನೇಹ’ ಎಂಬ ಪದದ ಮೇಲೆಯೇ. ಇಷ್ಟು ಕಾಲ ಇಬ್ಬರಿಗೂ ಸಾಕಾಗಿದ್ದ ಪದ ಅಂದು ಇದ್ದಕ್ಕಿದ್ದಂತೆ ಚಿಕ್ಕದಾಗುತ್ತದೆ. ಆಮೇಲೆ ಅವಳು ಕೊಟ್ಟ ಉತ್ತರವೇನು? ಹೇಳಬೇಕಾದದ್ದನ್ನೇ ಹೇಳಿದಳು ಎಂದಷ್ಟೇ ಬರೆದು ಲೇಖಕಿ ಬಾಗಿಲು ಹಾಕಿಕೊಳ್ಳುತ್ತಾರೆ.

ಇನ್ನು ಉಳಿದದ್ದು ಎಮ್ಮಾಳ ತಂದೆಯ ಒಪ್ಪಿಗೆ. ಮೊಟ್ಟೆ ಬೆಂದರೆ ಮೆತ್ತಗೇ ಬೇಯಬೇಕು, ಯಾರೂ ಮದುವೆಯಾಗಿ ಮನೆ ಬಿಡಬಾರದು ಎನ್ನುವ ಮುದುಕ ಅವರು. ನೈಟ್ಲಿ ತನ್ನ ಮನೆ ಬಿಟ್ಟು ಇಲ್ಲಿಗೇ ಬಂದಿರಲು ಒಪ್ಪಿದರೂ ಅವರ ಮನಸ್ಸು ಹಗುರವಾಗುವುದಿಲ್ಲ. ಅಷ್ಟರಲ್ಲಿ ಒಂದು ರಾತ್ರಿ ನೆರೆಮನೆಯ ಗೂಡಿನಿಂದ ಟರ್ಕಿ ಕೋಳಿಗಳೆಲ್ಲ ಕಳುವಾಗುತ್ತವೆ. ಮನೆಯಲ್ಲೊಬ್ಬ ಗಟ್ಟಿಮುಟ್ಟಾದ ಅಳಿಯನಿದ್ದರೆ ಒಳ್ಳೆಯದೆಂದು ಅವರಿಗೂ ಆಗ ತೋರುತ್ತದೆ.