ಕೈ ಮೊದಲೋ, ಯಂತ್ರ ಮೊದಲೋ?

ಎಲ್ಲರಿಗೂ ನಮಸ್ಕಾರ. ತಗಡಿನ ಮಾಡಿನ ಮೇಲೆ ಮಳೆ ಹೀಗೆ ಹೊಡೆಯುತ್ತಿರುವಾಗ ಹಿಂದಿನ ಸಾಲಿನವರಿಗೆ ನನ್ನ ಮಾತು ಕೇಳಿಸುತ್ತಿದೆಯೇ? ಕೇಳಿಸದವರು ಕೈ ಎತ್ತಿ. ನಾಲ್ಕು ಕೈ ಎದ್ದವು. ಅಂದರೆ ಕೇಳಿಸುತ್ತಿದೆ, ಮುಂದುವರಿಯುತ್ತೇನೆ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ತಂತ್ರಜ್ಞಾನ ಮತ್ತು ಮಾನವ ಇತಿಹಾಸ’. ಸಮಯ ನಲವತ್ತು ನಿಮಿಷ. ಬೆಂಕಿ, ಚಕ್ರ, ಮುದ್ರಣ, ಉಗಿಯಂತ್ರ, ಮೊಬೈಲ್ ಎಂದು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದೇನೆ. ಆದರೆ ಬೆಳಿಗ್ಗೆ ಅಡಿಕೆ ತೋಟಕ್ಕೆ ಎರಡನೇ ಸಲ ಕೊಳೆರೋಗದ ಮದ್ದು ಹೊಡೆಸಬೇಕಿತ್ತು, ಮಳೆ ಹೊಳವು ಕೊಡಲಿಲ್ಲ. ತಲೆಯಲ್ಲಿ ಮೈಲುತುತ್ತವೇ, ಅಂದರೆ ತಾಮ್ರದ ಸಲ್ಫೇಟೇ, ತುಂಬಿಕೊಂಡಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾವು ಹೊಡೆಸುವ ಬೋರ್ಡೋ ದ್ರಾವಣ ಹುಟ್ಟಿದ್ದು ಕಳ್ಳರ ಕಾಟದಿಂದ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಹೋಗಿಬರುವವರು ಕಿತ್ತು ತಿನ್ನುತ್ತಿದ್ದರು. ಬೆಳೆಗಾರರು ಸುಣ್ಣ, ಮೈಲುತುತ್ತ ಕಲಸಿ ದಾರಿಬದಿಯ ಸಾಲುಗಳಿಗೆ ಮಾತ್ರ ಬಳಿದರು. ನೀಲಿ ಬಣ್ಣ ನೋಡಿಯೇ ಬಾಯಿಗಿಡಲು ಹೆದರಬೇಕು, ಅಷ್ಟೇ ಉದ್ದೇಶ. ಆ ಹೊತ್ತಿಗೆ ಅಮೆರಿಕದಿಂದ ಬಂದ ಬೂಷ್ಟು ರೋಗ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ತಿನ್ನುತ್ತಿತ್ತು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಆ ದಾರಿಯಲ್ಲಿ ಹೋಗುವಾಗ ನೋಡುತ್ತಾನೆ, ಒಳಗಿನ ಬಳ್ಳಿಗಳ ಎಲೆಯೆಲ್ಲ ಉದುರಿವೆ, ದಾರಿಬದಿಯವು ಮಾತ್ರ ಹಸಿರಾಗಿ ನಿಂತಿವೆ. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ದ್ರಾಕ್ಷಿ ಕದ್ದವರ ಹೆಸರು ಯಾರೂ ಬರೆದಿಡಲಿಲ್ಲ. ನನ್ನನ್ನು ಕೇಳಿದರೆ ಅವರ ಪಾಲೂ ಇದರಲ್ಲಿದೆ.

ಮಳೆಗಾಲದಲ್ಲಿ ಅಡಿಕೆ ಕೊಳೆಸಿ ಉದುರಿಸುವ ನಮ್ಮ ಕೊಳೆರೋಗಕ್ಕೆ ಒಬ್ಬ ದಾಯಾದಿ ಇದ್ದಾನೆ, ಅದೇ ಫೈಟಾಫ್ತೊರಾ ಎಂಬ ರೋಗಾಣು ಕುಲದವನು. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿದವನು ಅವನೇ. ಆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಮದ್ದು ನಲವತ್ತು ವರ್ಷ ತಡವಾಗಿ ಬಂತು. ಸುಣ್ಣವೂ ಮೈಲುತುತ್ತವೂ ಆಗಲೂ ಇದ್ದವು, ಎರಡನ್ನೂ ಕೂಡಿಸಿ ನೋಡುವ ಕಣ್ಣು ಇರಲಿಲ್ಲ.

ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಬರೆದರು, ಬೋರ್ಡೋ ಸಿಂಪಡಣೆಯನ್ನು ಮಲೆನಾಡಿನ ತೋಟಗಳಿಗೆ ಹೊಂದಿಸಿದರು. ಆಗ ಸಾಗರ ಮೈಸೂರಿನದು, ಪಕ್ಕದ ಸಿದ್ದಾಪುರ ಮುಂಬಯಿ ಪ್ರಾಂತದ್ದು. ರೋಗಕ್ಕೆ ಆ ಗಡಿ ಗೊತ್ತಿರಲಿಲ್ಲ. ಅದಕ್ಕೂ ಮುಂಚೆ ನಮ್ಮ ಹಿರಿಯರು ಅಡಿಕೆಯ ಒಂದೊಂದು ಕೊನೆಗೂ, ಅಂದರೆ ಗೊಂಚಲಿಗೂ, ಹುಲ್ಲಿನ ಕೊಟ್ಟೆ ಕಟ್ಟಿಸುತ್ತಿದ್ದರು. ಅಂದರೆ ಅಡಿಕೆಗೊಂದು ಕೊಡೆ. ಅದೂ ತಂತ್ರಜ್ಞಾನವೇ, ಹುಲ್ಲಿನಲ್ಲಿ ಮಾಡಿದ್ದು ಎಂಬ ಕಾರಣಕ್ಕೆ ನಾವು ಹಾಗೆ ಕರೆಯುವುದಿಲ್ಲ, ಅಷ್ಟೇ.

ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಈ ಸಭೆಗೆ ಹೇಳಬೇಕಿಲ್ಲ. ಹದ ನೋಡಲು ನನ್ನ ಅಪ್ಪ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದುತ್ತಿದ್ದರು. ಅಲಗು ಕೆಂಪಡರಿದರೆ ತಾಮ್ರ ಹತ್ತಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಅಪ್ಪ ರಸಾಯನಶಾಸ್ತ್ರ ಓದಿದವರಲ್ಲ. ಓದಿದ ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಅದನ್ನೇ ಕಲಿಸಿದೆ, ಕತ್ತಿ ಮಾತ್ರ ಅದ್ದಲಿಲ್ಲ.

ಈಗ ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಯಂತ್ರ ಬಂತು, ಮನುಷ್ಯನ ಕೈ ಕೆಲಸ ಹೋಯಿತು ಎಂದು ಎಲ್ಲ ಭಾಷಣಕಾರರೂ ಹೇಳುತ್ತಾರೆ. ನಾನು ಕೇಳುವುದು, ಯಾವುದು ಮೊದಲು? ಕೈ ಹೋದದ್ದೋ, ಯಂತ್ರ ಬಂದದ್ದೋ? ನೆಲದಲ್ಲೇ ನಿಂತು ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಗಳ, ಬಂದು ಮರ ಹತ್ತಿ ಕೊನೆ ಇಳಿಸುವ ನಮ್ಮ ಕೊನೆಗೌಡನನ್ನು ಓಡಿಸಲಿಲ್ಲ. ಕೊನೆಗೌಡನ ಮಗ ಎಂದೋ ಬೆಂಗಳೂರಿಗೆ ಹೋಗಿದ್ದ, ಅವನಿಗಿಂತ ಮೊದಲು ನನ್ನ ಮಗ ಹೋಗಿದ್ದ. ಮರ ಹತ್ತುವವರಿಲ್ಲದ ತೋಟಕ್ಕೆ ದೋಟಿ ಬಂತು. ಅರವತ್ತು ಅಡಿ ಎತ್ತರದಲ್ಲಿ ಮಳೆಗೆ ಜಾರುವ ಮರ ಅಪ್ಪಿಕೊಂಡು, ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುತ್ತಿದ್ದ ಕೆಲಸವನ್ನು ಮಗ ಬಿಟ್ಟನೆಂದು ದೂರಲು ನನಗಂತೂ ಬಾಯಿ ಬರುವುದಿಲ್ಲ.

ನನ್ನ ಮನೆಯಾಕೆ ಈ ಸಿದ್ಧಾಂತ ಒಪ್ಪುವುದಿಲ್ಲ. ಇಲ್ಲೇ ಮೂರನೇ ಸಾಲಿನಲ್ಲಿದ್ದಾಳೆ, ಆದ್ದರಿಂದ ಪ್ರಾಮಾಣಿಕವಾಗಿ ಹೇಳುತ್ತೇನೆ. “ದೋಟಿಯ ಕಥೆ ಸರಿ. ಅಡಿಕೆ ಸುಲಿಯುವ ಯಂತ್ರ ತಂದಾಗ ಸುಲಿಯುವ ಹೆಂಗಸರು ಎಲ್ಲಿಗೆ ಹೋಗಿದ್ದರು? ಊರಲ್ಲೇ ಇದ್ದರು. ನೀವು ಕರೆಯುವುದು ಬಿಟ್ಟಿರಿ” ಎಂದಳು. ನಿಜ. ಕಾಲಿನಿಂದ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿ ಹಾಕಿಕೊಂಡು ರಾತ್ರಿ ಹನ್ನೊಂದರವರೆಗೆ ಅಂಗಳದಲ್ಲಿ ಕೂತು ಸುಲಿಯುತ್ತಿದ್ದವರ ಮಾತುಕತೆಯಲ್ಲೇ ನನಗೆ ಇಡೀ ಊರಿನ ಸುದ್ದಿ ಸಿಗುತ್ತಿತ್ತು. ಈಗ ಯಂತ್ರದ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ.

ಕರೆಂಟು ಹೋಯಿತು. ಇರಲಿ, ಮೈಕ್ ಇಲ್ಲದೆಯೇ ಮಾತಾಡುತ್ತೇನೆ. ಕೈಗಾ ಅಣುಸ್ಥಾವರದಲ್ಲಿ ನಾಲ್ಕು ಘಟಕ ಸೇರಿ 880 ಮೆಗಾವಾಟ್, ಅದರ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಅತ್ತ ಗೇರುಸೊಪ್ಪೆ. ಇಷ್ಟು ಇಟ್ಟುಕೊಂಡ ಉತ್ತರ ಕನ್ನಡ ಜಿಲ್ಲೆಯವರು ನಾವು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಲ್ಲಿಯವರೇ ಮಾಡಿರಬೇಕು.

ಘಟ್ಟದ ಕೆಳಗೆ ಕಥೆ ತಿರುವುಮುರುವು. ಅಲ್ಲಿ ಯಂತ್ರ ಮೊದಲು ಬಂತು. ಕಾರವಾರದ ತೀರದಲ್ಲಿ ರಂಪಣಿ ಬಲೆ ಎಂದರೆ ಒಂದು ಊರೇ ಸೇರಿ ಎಳೆಯುವ ಬಲೆ. ದೋಣಿ ಸಮುದ್ರದಲ್ಲಿ ಅರ್ಧ ಸುತ್ತು ಹಾಕಿ ಬಲೆ ಬಿಟ್ಟು ಬಂದರೆ ಎರಡೂ ತುದಿಯ ಹಗ್ಗಕ್ಕೆ ಜನ ಸಾಲುಗಟ್ಟುತ್ತಿದ್ದರು. ಬಂಗಡೆ, ತಾರ್ಲೆ ಮೀನು ದಡಕ್ಕೆ ಬರುವವರೆಗೆ ಕಾಯಬೇಕು, ಬಂದದ್ದನ್ನು ಪಾಲು ಹಾಕಬೇಕು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡಿಗೆ ಸುತ್ತ ಬಲೆ ಹಾಕಿ, ನಮ್ಮ ಕವಳದ ಸಂಚಿಯ ದಾರ ಎಳೆದಂತೆ ತಳ ಮುಚ್ಚಿಬಿಡುತ್ತವೆ. ದಡಕ್ಕೆ ಬರಬೇಕಿದ್ದ ಮೀನು ದಡ ಕಾಣಲೇ ಇಲ್ಲ. ಹಗ್ಗ ಹಿಡಿದವರು ಅಲ್ಲೇ ನಿಂತಿದ್ದರು, ಎಲ್ಲಿಗೂ ಹೋಗಿರಲಿಲ್ಲ. ಜಗಳಗಳಾದವು, ರಂಪಣಿ ಸೋತಿತು.

ಹಾಗಾದರೆ ಯಾವುದು ಮೊದಲು? ಒಂದೇ ಜಿಲ್ಲೆಯಲ್ಲಿ ಎರಡು ಉತ್ತರ. ಮೂರನೆಯದೂ ಇದೆ, ಯಂತ್ರ ಬಾರದೆಯೇ ಕೆಡುವುದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 65ರವರೆಗೆ, ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದೆ ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂತು. ದೇವಿಮನೆ ಘಟ್ಟ ಇಳಿದ ಎತ್ತಿನ ಗಾಡಿಗಳು ಕುಮಟಾ ಬಂದರಿಗೆ ಹೋಗುತ್ತಿದ್ದವು. ಆ ಹತ್ತಿಯ ಜಾತಿಗೇ ಕುಮಟಾ ಎಂದು ಹೆಸರು ಬಿತ್ತು. 1880ರ ದಶಕದಲ್ಲಿ ರೈಲು ಗೋವಾದ ಮರ್ಮಗೋವಾ ಬಂದರಿನ ಕಡೆ ಹೋಯಿತು, ಹತ್ತಿಯೂ ಅದರ ಹಿಂದೆಯೇ ಹೋಯಿತು. ಕರಾವಳಿಗೆ ಕೊಂಕಣ ರೈಲ್ವೆ ಪೂರ್ತಿಯಾದದ್ದು 1998ರಲ್ಲಿ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ವಿಷಯ ಎತ್ತಿದರೆ ಅರ್ಧ ಸಭೆ ಜಗಳಕ್ಕೆ ಏಳುತ್ತದೆ, ಉಳಿದರ್ಧ ಚಹಾಕ್ಕೆ. ಬಿಡುತ್ತೇನೆ.

ಚೀಟಿ ಬಂತು, ‘ಐದು ನಿಮಿಷ’. ಬೆಂಕಿ, ಚಕ್ರ, ಮುದ್ರಣ ಎಲ್ಲ ಜೇಬಿನಲ್ಲೇ ಉಳಿದವು. ಮೊಬೈಲಿನ ಬಗ್ಗೆ ನಾನು ಹೇಳಬೇಕಿಲ್ಲ, ಎದುರಿಗೆ ಏಳೆಂಟು ಮುಖಗಳಿಗೆ ಅದರದ್ದೇ ಬೆಳಕು.

ಒಂದು ಘಟನೆ ಹೇಳಿ ಕೂರುತ್ತೇನೆ. ಕಳೆದ ಚಳಿಗಾಲ ಕಾರವಾರದ ಟಾಗೋರ್ ಕಡಲತೀರದಲ್ಲಿ ಇಪ್ಪತ್ತು ಜನ ಸಣ್ಣ ಬಲೆಯೊಂದನ್ನು ಎಳೆಯುತ್ತಿದ್ದರು. ಪ್ರವಾಸಿಗರು ಫೋಟೊಕ್ಕಾಗಿ ಹಗ್ಗ ಹಿಡಿದು ಬಿಡುತ್ತಿದ್ದರು. ನಾನು ಮಾತ್ರ ಹಿಡಿದವನು ಬಿಡಲಿಲ್ಲ, ಅರ್ಧ ಗಂಟೆ ಎಳೆದೆ, ಅಂಗೈ ಸುಲಿಯಿತು. ಬಲೆ ದಡಕ್ಕೆ ಬಂದ ಮೇಲೆ ಹೊರಟವನನ್ನು ಹಿರಿಯರೊಬ್ಬರು ಕರೆದರು. “ಮಾಸ್ತರರೇ, ಹಗ್ಗ ಹಿಡಿದವರಿಗೆ ಪಾಲು ಉಂಟು” ಎಂದು ಎರಡು ಬಂಗಡೆ ಕೈಗಿಟ್ಟರು. ನಮ್ಮ ಮನೆಯಲ್ಲಿ ಈರುಳ್ಳಿ ಬಂದದ್ದೇ ನನ್ನ ಕಾಲದಲ್ಲಿ. ಬೇಡವೆನ್ನಲು ಮನಸ್ಸಾಗಲಿಲ್ಲ. ಚೀಲದಲ್ಲಿಟ್ಟುಕೊಂಡು ಶಿರಸಿ ಬಸ್ ಹತ್ತಿದೆ. ದೇವಿಮನೆ ಘಟ್ಟ ಹತ್ತುವಾಗ ಕಂಡಕ್ಟರರು ಬಂದು ಮೂಸಿದರು, ನನ್ನನ್ನು ನೋಡಿದರು, ಚೀಲವನ್ನು ನೋಡಿದರು. ಅವರ ಮನೆಯಲ್ಲಿ ಅಂದು ರಾತ್ರಿ ಸಾರು ಚೆನ್ನಾಗಿ ಆಗಿತ್ತಂತೆ.